ಕೋವಿ ಕೋಣೆಯ ಬಿಳಿ ಗೆರೆ

2024ರ ಮಾರ್ಚಿನಲ್ಲಿ ನಾನು ಕಾಸರಗೋಡು ಜಿಲ್ಲೆಯ ಒಳನಾಡಿನಲ್ಲಿ ಸರ್ಕಾರಿ ಕಟ್ಟಡಗಳ ಕೆಲಸ ನೋಡುವ ಅಸಿಸ್ಟೆಂಟ್ ಎಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಅಲ್ಲಿಯವರೆಗೆ ಶಾಲೆ, ಆಸ್ಪತ್ರೆ, ವಿಲ್ಲೇಜ್ ಆಫೀಸು ಎಂದು ಎಷ್ಟೋ ಕಟ್ಟಿಸಿದ್ದೆ. ಅವುಗಳ ಮುಂದೆ ಇಂದಿಗೂ ತಲೆಯೆತ್ತಿ ನಡೆಯಬಲ್ಲೆ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆಯ ಮುಂದೆ ಮಾತ್ರ ಆಗುವುದಿಲ್ಲ.

ಚುನಾವಣೆ ಘೋಷಣೆಯಾದ ಮೇಲೆ ಲೈಸೆನ್ಸ್ ಇರುವ ಕೋವಿಗಳನ್ನೂ ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದೆ. ನಮ್ಮ ಕಡೆ ಕೋವಿ ಇಟ್ಟುಕೊಂಡವರು ಹೆಚ್ಚಿನವರೂ ಕೃಷಿಕರು. ಕಾಡುಹಂದಿಯ ಉಪದ್ರಕ್ಕೆಂದು ತೆಗೆದುಕೊಂಡದ್ದು. ನಾನು ಹೇಳುತ್ತಿರುವ ಠಾಣೆಯ ಹೆಸರು ಇಲ್ಲಿ ಬೇಡ. ಆ ಸಲ ಅಲ್ಲಿಗೆ ಬಂದ ಇನ್ಸ್‌ಪೆಕ್ಟರಿಗೆ ಅಷ್ಟೊಂದು ಕೋವಿಗಳನ್ನು ಮಹಡಿಯ ರೆಕಾರ್ಡ್ ರೂಮಿನಲ್ಲಿ ರಾಶಿ ಹಾಕುವುದು ಸರಿ ಕಾಣಲಿಲ್ಲ. ನೆಲಮಾಳಿಗೆಯಲ್ಲಿ ಮುರಿದ ಬೆಂಚು, ಹಳೆಯ ಫ್ಯಾನು ತುಂಬಿದ ಒಂದು ಕೋಣೆ ಇತ್ತು. ಅದನ್ನು ಭದ್ರ ಮಾಡಿಕೊಡಿ ಎಂದು ನನ್ನನ್ನು ಕರೆಸಿದರು.

ಗುಡ್ಡ ತಗ್ಗಿಸಿ ಕಟ್ಟಿದ ಕಟ್ಟಡ ಅದು. ಆ ಕೋಣೆಯ ಹಿಂದಿನ ಗೋಡೆಗೆ ಮಣ್ಣು ಆನಿಕೊಂಡಿತ್ತು. ಸಾಮಾನು ಹೊರಗೆ ಹಾಕಿಸಿದಾಗ ಆ ಕೆಂಪು ಮುರಕಲ್ಲಿನ ಗೋಡೆಯ ಮೇಲೆ, ಮೊಣಕಾಲಿನ ಎತ್ತರದಲ್ಲಿ, ಉದ್ದಕ್ಕೂ ಒಂದು ಬಿಳಿ ಗೆರೆ ಕಂಡಿತು. ಉಪ್ಪು. ಮಳೆಗಾಲದಲ್ಲಿ ಒಸರಿದ ನೀರು ಒಣಗುವಾಗ ಬಿಟ್ಟು ಹೋಗುವ ಗುರುತು ಅದು. ಡಿಪ್ಲೊಮಾದ ಮೊದಲ ವರ್ಷದ ಹುಡುಗನಿಗೂ ಇದು ಗೊತ್ತಿರುತ್ತದೆ. ಆದರೆ ಅದು ಮಾರ್ಚ್ ತಿಂಗಳು, ಕೈ ಇಟ್ಟರೆ ಗೋಡೆ ಒಣಗಿತ್ತು. ನೀರು ತಡೆಯುವುದಾದರೆ ಹೊರಗಿನಿಂದ ಮಣ್ಣು ತೆಗೆಯಬೇಕು, ಅದಕ್ಕೆ ತಿಂಗಳು ಬೇಕು. ನನಗೆ ಕೊಟ್ಟದ್ದು ಹನ್ನೊಂದು ದಿನ. ಪುಟ್ಟಿ ಎಳೆಸಿ ಪೈಂಟ್ ಹೊಡೆಸಿದೆ.

ಉಳಿದ ಕೆಲಸವನ್ನು ನಾನು ಬಹಳ ಹುರುಪಿನಿಂದ ಮಾಡಿಸಿದೆ. ಉಕ್ಕಿನ ಬಾಗಿಲು ತರಿಸಿದೆ, ಗೋಡೆಗೆ ಬಿಗಿದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ. ಮೇಲೆ ಒಂದು ಸಣ್ಣ ವೆಂಟಿಲೇಟರ್ ಇತ್ತು, ಯಾರೂ ಕೈ ಹಾಕದ ಹಾಗೆ ಅದನ್ನೂ ಕಲ್ಲಿಟ್ಟು ಮುಚ್ಚಿಸಿದೆ. ಬಾಗಿಲಿಗೆ ಎರಡು ಬೀಗ. ಒಂದರ ಕೀಲಿಕೈ ಠಾಣೆಯಲ್ಲಿ, ಇನ್ನೊಂದರದ್ದು ತಾಲೂಕು ಕಚೇರಿಯ ಅಧಿಕಾರಿಯ ಹತ್ತಿರ. ಇಬ್ಬರೂ ಇದ್ದರಷ್ಟೇ ಬಾಗಿಲು ತೆರೆಯುವುದು. ಈ ಎರಡು ಬೀಗದ ಯೋಚನೆ ನನ್ನದೇ. ಇನ್ಸ್‌ಪೆಕ್ಟರ್ ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ.

ಕೋವಿ ಒಪ್ಪಿಸುವ ದಿನ ಕೃಷಿಕರು ಸಾಲಿನಲ್ಲಿ ನಿಂತಿದ್ದರು. ಅವರಲ್ಲಿ ಮುಳ್ಳೇರಿಯದ ಆಚೆಯ ಲಿಗೋರಿ ಡಿಸೋಜರೂ ಇದ್ದರು. ನಮ್ಮ ಕಡೆ ಕೊಂಕಣಿ ಮಾತನಾಡುವ ಕ್ರೈಸ್ತರನ್ನು ಪೊರ್ಬುಗಳು ಎಂದು ಕರೆಯುವುದು ರೂಢಿ. ಲಿಗೋರಿಯವರು ಎಪ್ಪತ್ತರ ಹತ್ತಿರದ ಆಳು. ಅವರದ್ದು ಮರಗೆಣಸಿನ ಕೃಷಿ. ಹಂದಿ ಹೊಡೆಯಲು ಪಂಚಾಯತ್ ಮಾಡಿದ ಪಟ್ಟಿಯಲ್ಲಿ ಅವರ ಹೆಸರಿತ್ತು. ಸುತ್ತಿನ ನಾಲ್ಕಾರು ಮನೆಯ ಬೆಳೆ ಉಳಿಯುತ್ತಿದ್ದದ್ದು ಅವರ ಒಂದು ಹಳೆಯ ಕೋವಿಯಿಂದ. ಅದು ಅಪ್ಪನ ಕಾಲದ್ದು. ಒಲೆಯ ಮೇಲೆ ಹೊಗೆ ತಾಗುವಲ್ಲಿ ತೂಗಹಾಕಿ, ವಾರಕ್ಕೊಮ್ಮೆ ಎಣ್ಣೆ ಒರೆಸಿ ಅಪ್ಪ ಅದನ್ನು ಕಾಪಾಡಿಕೊಂಡು ಬಂದಿದ್ದರಂತೆ. ಲಿಗೋರಿಯವರು ಎಣ್ಣೆಬಟ್ಟೆಯಲ್ಲಿ ಸುತ್ತಿದ ಕೋವಿಯನ್ನು ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ಕೋಣೆಯ ಬಾಗಿಲಲ್ಲಿ ನಿಂತು ಮೂಗು ಅರಳಿಸಿದರು.

"ಇಂಜಿನಿಯರ್ರೇ, ಮಾರ್ಚಿನಲ್ಲಿ ಇಲ್ಲಿ ಮಳೆಗಾಲದ ವಾಸನೆ ಎಂತಕ್ಕೆ?"

ಹೊಸ ಪೈಂಟಿನ ವಾಸನೆ ಎಂದೆ. ಅವರು ನಂಬಲಿಲ್ಲ. ಹದಿನೈದು ದಿನಕ್ಕೊಮ್ಮೆ ಬಂದು ಎಣ್ಣೆ ಒರೆಸಿ ಹೋಗುತ್ತೇನೆ, ಬೇಕಾದರೆ ಪೊಲೀಸರು ಪಕ್ಕದಲ್ಲೇ ನಿಲ್ಲಲಿ ಎಂದು ಕೇಳಿಕೊಂಡರು. ಸೀಲ್ ಮಾಡಿದ ಕೋಣೆಯನ್ನು ಹಾಗೆಲ್ಲ ತೆರೆಯುವ ಕ್ರಮ ಇಲ್ಲವೆಂದು ನಾನೇ ಉತ್ತರ ಕೊಟ್ಟೆ. ನಗುತ್ತಾ ಕೊಟ್ಟೆ ಎನ್ನುವುದೂ ನೆನಪಿದೆ.

ಜೂನಿನಲ್ಲಿ ಫಲಿತಾಂಶ ಬಂತು, ನೀತಿಸಂಹಿತೆ ಮುಗಿಯಿತು, ಮಳೆಯೂ ಹಿಡಿಯಿತು. ಅಷ್ಟರಲ್ಲಿ ತಾಲೂಕು ಕಚೇರಿಯ ಅಧಿಕಾರಿಗೆ ವರ್ಗವಾಗಿತ್ತು. ಅವರು ಬಿಟ್ಟುಹೋದ ಚಾರ್ಜ್ ಪಟ್ಟಿಯಲ್ಲಿ ಆ ಕೀಲಿಕೈಯ ಹೆಸರಿರಲಿಲ್ಲ. ಹುಡುಕಲು ಒಂದು ಪತ್ರ, ಬೀಗ ಒಡೆಯಲು ಅನುಮತಿ ಕೇಳಿ ಇನ್ನೊಂದು, ಅದಕ್ಕೊಂದು ನೆನಪೋಲೆ. ಲಿಗೋರಿಯವರು ಮಳೆಯಲ್ಲಿ ನೆನೆದುಕೊಂಡು ಆರು ಸಲ ಠಾಣೆಗೆ ಬಂದು ಹೋದರು. ಹಂದಿಗಳು ಅವರ ಗೆಣಸಿನ ಗದ್ದೆಯನ್ನು ಉತ್ತು ಹಾಕಿದ್ದವು. ಜುಲೈ ಕೊನೆಗೆ ಆದೇಶ ಬಂತು, ಬೀಗ ಒಡೆಯಲು ನಾನೇ ಜನ ಕರೆದುಕೊಂಡು ಹೋದೆ. ಲಿಗೋರಿಯವರೂ ಬಂದು ಕಾಯುತ್ತಿದ್ದರು.

ಬಾಗಿಲು ತೆರೆದೊಡನೆ ಹೊಡೆದ ವಾಸನೆಗೆ ಪೊಲೀಸರು ಹಿಂದೆ ಸರಿದರು. ನನ್ನ ಪೈಂಟ್ ಹಪ್ಪಳದ ಹಾಗೆ ಎದ್ದಿತ್ತು. ಗೋಡೆಯಿಂದ ನೀರು ಸಣ್ಣಗೆ ಇಳಿಯುತ್ತಿತ್ತು, ಹೊರಗೆ ಹೋಗಲು ಗಾಳಿಗೆ ಸಂದೂ ಇರಲಿಲ್ಲ. ಕೋವಿಗಳ ಹಿಡಿಯ ಮೇಲೆ ಬೂಸ್ಟು ಬೆಳೆದಿತ್ತು, ನಳಿಗೆಗಳು ಕಂದಾಗಿದ್ದವು. ಹಿಂದಿನ ಗೋಡೆಗೆ ತಾಗಿ ನಿಂತ ಏಳೆಂಟು ಕೋವಿಗಳಿಗೆ ಹೆಚ್ಚು ಪೆಟ್ಟು ಬಿದ್ದಿತ್ತು. ಲಿಗೋರಿಯವರದ್ದು ಅಲ್ಲೇ ಇತ್ತು.

ಅವರು ತೋಟೆ ಹಾಕುವ ಜಾಗವನ್ನು ತೆರೆಯಲು ಎರಡು ಸಲ ನೋಡಿದರು, ಆಗಲಿಲ್ಲ. ಯಾರಿಗೂ ಬೈಯಲಿಲ್ಲ. ಆಗಲೇ ಇನ್ಸ್‌ಪೆಕ್ಟರ್ ನನ್ನನ್ನು ಬದಿಗೆ ಕರೆದು, ಇವರಿಗೆ ಕನ್ನಡದಲ್ಲಿ ಹೇಳಿ ರಶೀದಿಗೆ ಸಹಿ ಹಾಕಿಸಿಬಿಡಿ ಎಂದರು. ರಶೀದಿ ಮಲಯಾಳದಲ್ಲಿ ಅಚ್ಚಾಗಿತ್ತು. ಲಿಗೋರಿಯವರು ಕಲಿತದ್ದು ಕನ್ನಡ ಶಾಲೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಇಂಥವರು ಎಷ್ಟೋ ಮಂದಿ. ಮಾತು ತಿಳಿಯುತ್ತದೆ, ಕಾಗದ ತಿಳಿಯುವುದಿಲ್ಲ. ಕಚೇರಿಗೆ ಹೋದರೆ ಅಲ್ಲಿರುವ ಕನ್ನಡದವನ ಮುಖ ನೋಡುತ್ತಾರೆ. ಅವತ್ತು ಆ ಕನ್ನಡದವ ನಾನು.

"ಇದರಲ್ಲಿ ಎಂತ ಬರ್ದಿದೆ? ನೀವು ಓದಿ ಹೇಳಿದ್ರೆ ಸಾಕು."

"ಕೋವಿ ವಾಪಸ್ ಸಿಕ್ಕಿದೆ ಅಂತ ಬರ್ದಿದೆ ಪೊರ್ಬುಗಳೇ. ಇಲ್ಲಿ ಸೈನ್ ಹಾಕಿ."

'ಯಾವುದೇ ಹಾನಿಯಿಲ್ಲದೆ, ಸುಸ್ಥಿತಿಯಲ್ಲಿ' ಎಂದೂ ಅದರಲ್ಲಿತ್ತು. ಅದನ್ನು ನಾನು ಓದಲಿಲ್ಲ. ಕಣ್ತಪ್ಪಿ ಬಿಟ್ಟದ್ದಲ್ಲ. ಕೋವಿ ಕೆಟ್ಟಿದೆ ಎಂದು ಒಬ್ಬ ಬರೆದುಕೊಟ್ಟರೆ, ಯಾಕೆ ಕೆಟ್ಟಿತು ಎಂಬ ಪ್ರಶ್ನೆ ನನ್ನ ಪೈಂಟಿನ ಅಡಿಗೇ ಬರುತ್ತಿತ್ತು. ಪೆನ್ಶನ್ನಿಗೆ ಎಂಟು ತಿಂಗಳಿತ್ತು, ಹೆದರಿದೆ.

ಲೈಸೆನ್ಸ್ ಇರುವ ರಿಪೇರಿಯವರು ನಳಿಗೆ ನೋಡಿ, ಒಳಗೆ ತುಕ್ಕು ತಿಂದು ಗುಳಿ ಬಿದ್ದಿದೆ, ಹಾರಿಸಿದರೆ ಕೈಯಲ್ಲೇ ಒಡೆದೀತು ಎಂದರಂತೆ. ಲಿಗೋರಿಯವರು ದೂರು ಕೊಟ್ಟರು. ಉತ್ತರದ ಜೊತೆ ಅವರ ಸಹಿ ಇದ್ದ ರಶೀದಿಯ ಜೆರಾಕ್ಸ್ ಬಂತು. ನನ್ನಿಂದಲೂ ವರದಿ ಕೇಳಿದ್ದರು. ಬಾಗಿಲು, ಬೀಗ, ಸೀಲು ಎಲ್ಲವೂ ಭದ್ರವಾಗಿದ್ದವು, ಒಂದು ಕೋವಿಯೂ ಕಾಣೆಯಾಗಿಲ್ಲ ಎಂದು ಬರೆದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ವಯಸ್ಸಿನಲ್ಲಿ ಹೊಸ ಕೋವಿಗೆ ಮತ್ತೆ ಅರ್ಜಿ ಹಿಡಿದು ಅಲೆಯುವುದು ಅವರಿಂದಾಗಲಿಲ್ಲ. ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿದರು, ಪಂಚಾಯತಿನ ಪಟ್ಟಿಯಿಂದ ಹೆಸರು ಹೋಯಿತು. ಆ ವರ್ಷ ಅವರ ಗದ್ದೆಯಲ್ಲಿ ಗೆಣಸು ನೆಡಲಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ಮುಳ್ಳೇರಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ನಾನು ಮುಖ ತಿರುಗಿಸುವ ಮೊದಲೇ ಹತ್ತಿರ ಬಂದು, ಸೌಖ್ಯವೇ ಎಂದು ಕೇಳಿದರು. ಆಮೇಲೆ ಹೇಳಿದರು:

"ಮಲಯಾಳ ಓದ್ಲಿಕ್ಕೆ ಬರುದಿಲ್ಲ ಅಂತ ನಿಮ್ಮನ್ನು ಕೇಳಿದ್ದು, ಇಂಜಿನಿಯರ್ರೇ. ಬರ್ತಿದ್ರೆ ಕೇಳ್ತಿರ್ಲಿಲ್ಲ."

ಅವರ ಬಸ್ಸು ಬಂತು, ಹತ್ತಿ ಹೋದರು.

ಒಂದು ಕೋಣೆ ವರ್ಷಗಟ್ಟಲೆ ಯಾಕೆ ಬಳಕೆಯಿಲ್ಲದೆ ಬಿದ್ದಿದೆ ಎಂದು ಮೊದಲು ವಿಚಾರಿಸಬೇಕು. ಈ ವೃತ್ತಿ ಕಲಿಸಿದ ಪಾಠ ಇದು ಎಂದು ಕಿರಿಯ ಎಂಜಿನಿಯರುಗಳಿಗೆ ಹೇಳುತ್ತಿರುತ್ತೇನೆ. ಅವರು ತಲೆಯಾಡಿಸುತ್ತಾರೆ. ಆದರೆ ನಾನು ವಿಚಾರಿಸಬೇಕಾಗಿಯೇ ಇರಲಿಲ್ಲ, ಗೋಡೆ ಹೇಳಿತ್ತು, ನಾನು ಅದರ ಬಾಯಿ ಮುಚ್ಚಿಸಿದೆ, ಆಮೇಲೆ ರಶೀದಿಯದ್ದನ್ನೂ. ವರದಿಯಲ್ಲಿ ಬರೆಯದೆ ಬಿಟ್ಟದ್ದನ್ನು ಈಗ ಇಲ್ಲಿ ಬರೆದಿದ್ದೇನೆ: ಆ ಕೋವಿ ಕೆಟ್ಟದ್ದು ನನ್ನಿಂದ. ಇದು ಕನ್ನಡದಲ್ಲಿದೆ, ಲಿಗೋರಿಯವರಿಗೆ ಯಾರೂ ಓದಿ ಹೇಳಬೇಕಾಗಿಲ್ಲ.