ಮಿತಿ ದಾಟಿದ ಹದಿನೇಳು ಅರ್ಜಿಗಳು

ಪ್ರೇಮಕುಮಾರಿಗೆ ಜರ್ಮನ್ ಬರುವುದಿಲ್ಲ. ಆಫೀಸಿನ ಫೋನ್ ಹೊಡೆದುಕೊಂಡರೆ ಎತ್ತುವುದಿಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕೋಟು ಬಿಚ್ಚದೆ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಕಣ್ಣು ಪರದೆ ಬಿಟ್ಟು ಕದಲುತ್ತಿಲ್ಲ.

"ಎಂತ ಮಾರಾಯ್ತಿ, ನಿನ್ನೆ ಮನೆಗೆ ಹೋಗ್ಲೇ ಇಲ್ವಾ?" ಬಾಗಿಲಲ್ಲೇ ಕೇಳುತ್ತಾರೆ ಮಂಗಳೂರಿನ ಲಾಯ್ಡ್. ಗ್ರಾಹಕರೊಂದಿಗೆ ಜರ್ಮನ್‌ನಲ್ಲಿ ಮಾತಾಡುವ ಹೊಣೆ ಅವರದು.

"ಹೋಗಿದ್ದೆ. ನಿದ್ದೆ ಹತ್ಲಿಲ್ಲ. ಮೊದಲ್ನೇ ಎಸ್-ಬಾನ್ ಟ್ರೈನ್‌ಗೆ ಬಂದ್ಬಿಟ್ಟೆ."

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುವ ಗ್ರೀನ್ ಕಾರ್ಡ್ ಮೇಲೆ ಮೈಸೂರಿನಿಂದ ಬಂದು ಪ್ರೇಮಕುಮಾರಿಗೆ ಒಂದೂವರೆ ವರ್ಷ. ಒಂದು ತರಬೇತಿ ಸಂಸ್ಥೆಗೆ ಅರ್ಜಿ ಸ್ವೀಕರಿಸುವ ವೆಬ್‌ಸೈಟ್ ಅವರೇ ಕಟ್ಟಿದ್ದು. ಶಾಲೆ ಮುಗಿಸುವ ಮಕ್ಕಳು ಹೆಸರು ತುಂಬಿ, ಅಂಕಪಟ್ಟಿ ಸ್ಕ್ಯಾನ್ ಮಾಡಿ ಸೇರಿಸಬೇಕು. ಸೀಟು ಸಿಗದಿದ್ದರೆ ಒಂದು ವರ್ಷ ಮನೆಯಲ್ಲೇ. ಇವತ್ತು ಮಧ್ಯಾಹ್ನ ಹನ್ನೆರಡು ಗಂಟೆಗೆ ಕೊನೆ.

ಮೊನ್ನೆ ಒಬ್ಬ ತಾಯಿ ಫೋನ್ ಮಾಡಿದರು, ಮಗನ ಅರ್ಜಿ ತಲುಪಿತೇ ಎಂದು. ತಲುಪಿರಲಿಲ್ಲ. ಎರಡು ಎಂಬಿ ದಾಟಿದ ಅರ್ಜಿಯನ್ನು ಸರ್ವರ್ ಕೈಬಿಡುತ್ತಿತ್ತು, ಅದರಲ್ಲಿದ್ದ ಹೆಸರು, ವಿಳಾಸದ ಸಮೇತ. ಪರದೆ ಮಾತ್ರ 'ಧನ್ಯವಾದ, ನಿಮ್ಮ ಅರ್ಜಿ ಬಂದಿದೆ' ಎನ್ನುತ್ತಿತ್ತು.

"ನಾನು ಟೆಸ್ಟ್ ಮಾಡಿದ್ದೆ. ಆದ್ರೆ ನನ್ನ ಫೈಲ್‌ಗಳೆಲ್ಲ ಪುಟಾಣಿ," ಎನ್ನುತ್ತಾರೆ ಪ್ರೇಮಕುಮಾರಿ. "ಊರಲ್ಲಿ ಅಮ್ಮ ಸೈಬರ್ ಕೆಫೆಗೆ ಹೋಗಿ ಫೋಟೋ ನೋಡೋದು. ಒಂದು ತೆರೆಯೋಕೆ ಹತ್ತು ನಿಮಿಷ. ಅದಕ್ಕೆ ಎಲ್ಲಾನೂ ಚಿಕ್ಕದು ಮಾಡೇ ಕಳಿಸ್ತೀನಿ. ಅವೇ ಫೋಟೋ ಹಾಕಿ ನೋಡಿದ್ದು. ಯಾರಾದ್ರೂ ಇದ್ದ ಹಾಗೇ ಕಳಿಸ್ತಾರೆ ಅಂತ ಹೊಳೀಲೇ ಇಲ್ಲ."

ಮಿತಿಯನ್ನು ಮೊನ್ನೆಯೇ ಹತ್ತು ಎಂಬಿಗೆ ಏರಿಸಿದ್ದಾರೆ. ಆದರೆ ಸರ್ವರಿನಲ್ಲಿ ಉಳಿದಿರುವುದು ಕೈಬಿಟ್ಟ ಹದಿನೇಳು ಅರ್ಜಿಗಳ ಗಾತ್ರ ಮತ್ತು ಸಮಯ ಮಾತ್ರ. ಯಾರನ್ನೆಂದು ಕರೆಯುವುದು? ಮತ್ತೊಮ್ಮೆ ಕಳಿಸಿ ಎಂದು ಮುಖಪುಟದಲ್ಲಿ ಲಾಯ್ಡ್ ಬರೆದುಕೊಟ್ಟ ಕೆಂಪಕ್ಷರದ ಸೂಚನೆ ಹಾಕಿ ಕಾಯುತ್ತಿದ್ದಾರೆ. ಅದೇ ಗಾತ್ರದ ಅರ್ಜಿ ತಿರುಗಿ ಬಂದರೆ ಅದೇ ಮಗು ಎಂಬ ಲೆಕ್ಕ. ಗಡುವು ಮುಂದೂಡಲು ಸಂಸ್ಥೆ ಒಪ್ಪಿಲ್ಲ.

"ಬಂತು ನೋಡಿ ಇನ್ನೊಂದು!"

"ಹಾಗಾದ್ರೆ ಕಾಫಿ ಕುಡಿ. ನೀನು ಗುರಾಯಿಸಿದ್ರೆ ಬೇಗ ಬರ್ತದಾ?"

ಕಾಫಿ ಮುಟ್ಟುವುದಿಲ್ಲ. ಹನ್ನೊಂದಕ್ಕೆ ಫೋನ್ ಹೊಡೆದುಕೊಳ್ಳುತ್ತದೆ. ಲಾಯ್ಡ್ ಎತ್ತುತ್ತಾರೆ. ಮೊನ್ನೆಯ ತಾಯಿಯೇ, ಮಗ ಮತ್ತೆ ಕಳಿಸಿದ್ದಾನೆ. ಅರ್ಜಿ ಬಂದಿದೆ.

ಏನಾಗಬೇಕು ಎಂದು ಕೇಳಿದರೆ ಪ್ರೇಮಕುಮಾರಿಯ ಆಸೆ ದೊಡ್ಡದಲ್ಲ. "ಎಷ್ಟು ದೊಡ್ಡ ಫೈಲ್ ತಗೋತೀವಿ ಅಂತ ಮೊದ್ಲೇ ಬರೆದಿರ್ಬೇಕು. ಜಾಸ್ತಿ ಆದ್ರೆ ಆಗಲ್ಲ ಅಂತ ಮುಖಕ್ಕೇ ಹೇಳ್ಬೇಕು. ಸುಳ್ಳು ಧನ್ಯವಾದ ಹೇಳ್ಬಾರ್ದು. ಇನ್ಮೇಲೆ ನಾನು ಮಾಡೋ ಪೇಜ್ ಹೇಳಲ್ಲ."

ಹನ್ನೆರಡು ಹೊಡೆಯುತ್ತದೆ. ಪುಟ ಮುಚ್ಚುತ್ತದೆ. ಹದಿನೇಳರಲ್ಲಿ ಹದಿಮೂರು ತಿರುಗಿ ಬಂದಿವೆ. ನಾಲ್ಕು ಬಂದಿಲ್ಲ.