ಬಾಣವಿಲ್ಲದೆ ಬಿಟ್ಟ ಹೆದೆ

ವೈಜಣ್ಣ, ನಿನ್ನ ಬಲಗಣ್ಣು ಹೋದದ್ದು ನಿನ್ನ ಕೈತಪ್ಪಿನಿಂದಲ್ಲ. ನನ್ನ ಸುಳ್ಳಿನಿಂದ. ಎಂಟು ವರ್ಷ ನೀನು ಹುಮನಾಬಾದಿನ ತುಂಬ ‘ನಂದೇ ತಪ್ಪು’ ಎಂದು ಹೇಳಿಕೊಂಡು ತಿರುಗಿದೆ. ನಾನು ಪಕ್ಕದಲ್ಲೇ ಕೂತು ಚಹಾ ಕುಡಿದೆ. ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಬಸವಕಲ್ಯಾಣದ ಎಂಜಿನಿಯರರೊಬ್ಬರು ವಿಲಾಯಿತಿ ಕಾಂಪೌಂಡ್ ಬಿಲ್ಲು ಮಾರುತ್ತಾರೆ, ಎರಡೂ ತುದಿಗೆ ಗಾಲಿಗಳಿರುತ್ತವೆ ಎಂದು ಕೇಳಿ, ಬಿಲ್ಲಿನ ಹುಚ್ಚಿನ ನೀನು ನನ್ನನ್ನು ಕರೆದೊಯ್ದೆ — ಒಂದೇ ಕಾರಣಕ್ಕೆ. ಬಿಲ್ಲಿನ ಜೊತೆ ಕೊಡುವ ಇಂಗ್ಲಿಷ್ ಪುಸ್ತಕ ಓದಲು. ನಮ್ಮ ಓಣಿಯಲ್ಲಿ ಮೊದಲು ಬಿ.ಎ. ಆದವನು ನಾನು. ಹೆಬ್ಬೆಟ್ಟು ಒತ್ತುವ ಅಪ್ಪನ ಮಗ, ರಜೆಯಲ್ಲಿ ಕಲ್ಲು ಹೊತ್ತು ಓದಿದವನು — ಆ ಸೊಕ್ಕು ಆಗ ಇತ್ತು. ಈಗಲೂ ಇಲ್ಲವೆನ್ನಲಾರೆ.

ಎಂಜಿನಿಯರರ ಬಳಿ ಎರಡು ಹಳೆಯ ಬಿಲ್ಲುಗಳಿದ್ದವು. ನಾನು ಹೊಳೆಯುವ ದೊಡ್ಡದನ್ನು ತೋರಿಸಿದೆ. ಬುಟ್ಟಿ ಹೆಣೆಯುವ ನೀನು, ಬಿದಿರಿನ ಬಿಲ್ಲು ಮಾಡಿ ಬಲ್ಲವನು, ಅದನ್ನು ಎಳೆದು ನೋಡಿ ಕೆಳಗಿಟ್ಟೆ.

“ಇದು ನನ್ನ ಭುಜಾ ಮುರೀತದ. ಕಲಿಯಾವಗ ಹಗೂರಂದ ಬೇಕು.”

ಆಮೇಲೆ ನೀನೇ ಸಣ್ಣ ಬಿಲ್ಲಿನ ತೋಳುಗಳ ಮೇಲೆ ಹತ್ತಿಯ ತುಣುಕು ಆಡಿಸಿದೆ. ಎಲ್ಲೂ ಎಳೆ ಸಿಕ್ಕಿಕೊಳ್ಳಲಿಲ್ಲ — ಸೀಳಿಲ್ಲ ಎಂದೆ. ಗಾಲಿಗಳು ಅಲ್ಲಾಡುತ್ತವೆಯೇ ಎಂದು ಬೆರಳಿನಿಂದ ನೂಕಿ ನೋಡಿದೆ. ಆಡು ಮಾರಿ ತಂದ ದುಡ್ಡಿಗೆ ಎಟುಕುವ ಬಿಲ್ಲೂ ಅದೇ. ಆರಿಸುವುದರಲ್ಲಿ ನಿನ್ನದು ಒಂದೂ ತಪ್ಪಿರಲಿಲ್ಲ. ಒಂದೂ.

ತಿರುಗಿ ಬರುವಾಗ ಬಸ್ಸಿನಲ್ಲಿ ಬಿಲ್ಲು ನಿನ್ನ ತೊಡೆಯ ಮೇಲಿತ್ತು. ಕಂಡಕ್ಟರ್ ಕೇಳಿದ: “ಏನ್ರಿ, ಯಾರ ಮ್ಯಾಲ ದಂಡೆತ್ತಿ ಹೊಂಟೀರಿ?”

“ಸುಮ್ಮ ಇರ್ರಿ, ನಮ್ಮ ಬಿ.ಎ. ಸಾಹೇಬ್ರು ಓದಾಕತ್ತಾರ,” ಎಂದೆ ನೀನು. ಹೆಮ್ಮೆ ನಿನಗೆ.

ನಾನು ಗಟ್ಟಿಯಾಗಿ ಓದಿದೆ, ತಿಳಿದಷ್ಟಕ್ಕೆ ಅರ್ಥ ಹೇಳಿದೆ. ನಡುವೆ ಒಂದು ಪುಟ — ಕೆಂಪು ಚೌಕಟ್ಟು, ದಪ್ಪ ಅಕ್ಷರ. ಒಂದು ಸಾಲೂ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಬಹುದಿತ್ತು. ಅಷ್ಟು ಜನರ ಎದುರು — ಪುಟ ತಿರುವಿಬಿಟ್ಟೆ.

ಆಗಲೇ ನೀನು ಕೇಳಿದೆ. “ಬಾಣ ಬರಾಕ ಇನ್ನ ಎಂಟ ದಿನ ಅದ. ಅಲ್ಲೀತನಕ ಖಾಲಿ ಎಳದ ಬಿಟ್ಟ ರೂಢಿ ಮಾಡ್ಲೇನು? ಬಿದರಿನ ಬಿಲ್ಲಿಗಿ ಹಂಗ ಮಾಡಬಾರ್ದು, ಒಡೀತದ.”

“ಇದು ನಿಮ್ಮ ಬಿದರಲ್ಲ, ಮಷಿನ್ ಅದ. ಏನೂ ಆಗಂಗಿಲ್ಲಂತ ಬರದಾರ.”

ಬರೆದಿರಲಿಲ್ಲ. ಅಂಥ ಮಾತು ಎಲ್ಲೂ ಬರೆದಿರಲಿಲ್ಲ.

ಮೂರನೆಯ ದಿನ ನಿನ್ನ ಅಂಗಳದಲ್ಲಿ ಬಿಲ್ಲಿನ ತೋಳು ಸಿಡಿದು, ಕಳಚಿದ ತಂತಿ ಕಣ್ಣಿಗೆ ಬಡಿಯಿತು. ನಿನ್ನನ್ನು ದವಾಖಾನೆಗೆ ಹೊತ್ತವರಲ್ಲಿ ನಾನೂ ಒಬ್ಬ. ಮರುದಿನ ನಿಘಂಟು ಹಿಡಿದು ಆ ಪುಟವನ್ನು ಓದಿದೆ. ಬಾಣವಿಲ್ಲದೆ ಹೆದೆ ಬಿಡಲೇಬಾರದು, ಬಿಲ್ಲು ಒಡೆದು ಎಳೆದವನಿಗೆ ಪೆಟ್ಟಾಗುತ್ತದೆ — ನೀನು ಅಕ್ಷರವಿಲ್ಲದೆ ತಿಳಿದಿದ್ದ ಮಾತೇ.

ನಿನ್ನ ಮನೆಯಾಕೆ ಮಹಾದೇವಿ ವೈನಿ ನಿನ್ನ ಮಂಚದ ಪಕ್ಕ ಕೂತು ಕೇಳಿದರು: “ತಮ್ಮಾ, ಪುಸ್ತಕದಾಗ ಏನ ಬರದಿತ್ತು, ಖರೇ ಹೇಳು.”

ನಾನು ಬಾಯಿ ತೆರೆಯುವ ಮೊದಲೇ ಪಟ್ಟಿ ಕಟ್ಟಿಸಿಕೊಂಡಿದ್ದ ನೀನು — “ಅವ ಸರಿ ಓದ್ಯಾನ. ನನ್ನ ಕೈನೇ ತಪ್ತು. ಕಲತಾಂವ ಸುಳ್ಳ ಹೇಳ್ತಾನೇನು?”

ನಾನು ಹೂಂ ಎಂದೆ.

ಈಗ ಬಿದಿರು ಸೀಳುವಾಗ ನಿನ್ನ ಕತ್ತಿ ಒಂದು ಕಡೆ ಸರಿಯುತ್ತದೆ. ಬುಟ್ಟಿ ಡೊಂಕೆಂದು ಗಿರಾಕಿ ಬೈದರೆ ನಗುತ್ತೀ. ಆ ನಗುವಿಗೆ ನನಗೆ ಸಿಟ್ಟು ಬರುತ್ತಿತ್ತು — ನಿನ್ನ ಮೇಲೆ. ಎಂಥ ನೀಚತನ ನೋಡು — ನನ್ನನ್ನು ನಂಬಿದೆಯೆಂದು ನಿನ್ನ ಮೇಲೆಯೇ. ಶಾಲೆಯಲ್ಲಿ ಮಕ್ಕಳಿಗೆ ‘ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ’ ಎಂದು ಗದರುವ ಮಾಸ್ತರ ನಾನು. ಥೂ.

ಈ ಕಾಗದವನ್ನು ನಾನೇ ಬಂದು ಓದಬಹುದಿತ್ತು. ನಿನ್ನ ಮುಖ ಕಂಡರೆ ಮತ್ತೆ ಯಾವುದೋ ಸಾಲು ನುಂಗಿಬಿಟ್ಟೇನು — ನನ್ನ ನಾಲಿಗೆಯ ಮೇಲೆ ನನಗೆ ಭರವಸೆಯಿಲ್ಲ. ನಿನ್ನ ಮಗಳು ಗಂಗಾ ಈಗ ಏಳನೆಯ ತರಗತಿ. ಅವಳ ಕೈಗೆ ಕೊಡುತ್ತೇನೆ. ವೈನಿಯ ಎದುರು, ಗಟ್ಟಿಯಾಗಿ, ಒಂದು ಸಾಲೂ ಬಿಡದೆ ಓದಲಿ. ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಓದು ಮುಗಿದ ಮೇಲೆ ನೀನು ಏನು ಮಾಡಿದರೂ — ಎದ್ದು ಓಡುವುದಿಲ್ಲ.