ಸುವರ್ಣಾಳ ಮೊದಲ ಬಿಲ್ಲು

ಹಳಿಯಾಳದ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನ ಝೆರಾಕ್ಸ್ ಅಂಗಡಿ. ಅದರ ಅರ್ಧ ಜಾಗದಲ್ಲಿ ಮೇಜು, ಕಂಪ್ಯೂಟರ್ ಇಟ್ಟುಕೊಂಡು ಸುವರ್ಣಾ ಊರಿನ ಸಣ್ಣ ವ್ಯಾಪಾರಸ್ಥರ ಲೆಕ್ಕ ಬರೆಯುತ್ತಾಳೆ. ದಾಂಡೇಲಿಯ ಬಂಗೂರನಗರ ಕಾಲೇಜಿನಲ್ಲಿ ಬಿ.ಕಾಂ. ಓದಿದವಳು. ಎಣ್ಣೆ ಮೆತ್ತಿದ ಚೀಟಿಗಳನ್ನು ತಂದು ಸುರಿದರೂ ಮುಖ ಗಂಟಿಕ್ಕದೆ ಒಂದೊಂದನ್ನೇ ಬಿಡಿಸಿ ಓದುತ್ತಾಳೆ. ನನಗೆ ಅಷ್ಟು ತಾಳ್ಮೆ ಇಲ್ಲ. ಆಧಾರ್ ಕಾರ್ಡನ್ನು ತಲೆಕೆಳಗಾಗಿ ಕೊಟ್ಟರೂ ರೇಗಿಬಿಡುತ್ತೇನೆ.

ಅವಳ ದೊಡ್ಡ ಗಿರಾಕಿ ದುರ್ಗಪ್ಪ. ದಾಂಡೇಲಿ ರಸ್ತೆಯಲ್ಲಿ ಕಬ್ಬಿನ ಟ್ರೇಲರ್ ರಿಪೇರಿ ಮಾಡುವ ಗ್ಯಾರೇಜು ಅವನದು. ಸುವರ್ಣಾಳ ತವರೂರಿನವನು. ಅವಳಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ, ನಾಗರ ಪಂಚಮಿಗೆ ಕರೆದು ಸೀರೆ ಉಡಿಸುವವನು ಇವನೇ. ವರ್ಷವಿಡೀ ಲೆಕ್ಕ ಬರೆದದ್ದಕ್ಕೂ ಆ ಸೀರೆಯೇ ಕೂಲಿ. ತಂಗಿಗೆ ಯಾರಾದರೂ ಫೀ ಕೊಡುತ್ತಾರೆಯೇ ಎಂದು ಅವನು ಅಂದುಕೊಂಡಿದ್ದ, ಅವಳೂ ಬಾಯಿ ಬಿಟ್ಟಿರಲಿಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಸೀರೆ ತೋರಿಸಿದರೆ ಕರೆಂಟ್ ಬಿಲ್ಲಿನವನು ಸುಮ್ಮನೆ ಹೋಗುತ್ತಾನೆಯೇ!

ಈ ಸಲ ಕಬ್ಬಿನ ಹಂಗಾಮು ಚೆನ್ನಾಗಿತ್ತು. ಮಾರ್ಚ್ ಮುಗಿಯುವ ಮೊದಲೇ ದುರ್ಗಪ್ಪ ಬಂದು ಕುಳಿತ. ಎಷ್ಟು ತೆರಿಗೆ ಬರಬಹುದೆಂದು ಕೇಳಿ ಮುಖ ಸಣ್ಣದು ಮಾಡಿದ.

“ಏನರೆ ಒಂದ ಖರ್ಚ ತೋರಸವ್ವಾ.”

“ಸುಳ್ಳ ಖರ್ಚ ನಾ ಬರ್ಯೂದಿಲ್ಲಣ್ಣಾ. ಆದ್ರ ಖರೇ ಖರ್ಚ ಒಂದು ಬಿಟ್ಟೇವಿ. ಲೆಕ್ಕ ಬರ್ಯಾಕ ಕೊಡೂ ಫೀ. ಅದು ಗ್ಯಾರೇಜಿನ ಖರ್ಚ. ಲಾಭದಾಗ ಅದನ್ನ ಕಳದು, ಉಳದದ್ದಕ್ಕಷ್ಟ ತೆರಿಗಿ.”

“ಸೀರಿ ಕೊಡ್ತೇನಲ್ಲ, ಅದನ್ನ ಬರಿ.”

“ತಂಗೀಗೆ ಉಡಸಿದ ಸೀರಿ ಮನಿ ಖರ್ಚ, ಗ್ಯಾರೇಜಿಂದಲ್ಲ. ನಾ ಬಿಲ್ ಕೊಡಬೇಕು, ನೀ ಬ್ಯಾಂಕಿನಿಂದ ರೊಕ್ಕ ಹಾಕಬೇಕು.” ಆಮೇಲೆ ದನಿ ತಗ್ಗಿಸಿ, “ನಂದೂ ಒಂದ ಗಳಿಕಿ ಅಂತ ಆಗ್ತೇತಿ” ಎಂದಳು.

ದುರ್ಗಪ್ಪನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. “ತಂಗೀಗೆ ಪಗಾರ ಕೊಡೂವಷ್ಟ ದೂರ ಮಾಡಿದ್ಯೇನ ನನ್ನ?” ಎಂದವನೇ, ತರಿಸಿದ ಚಹಾ ಮುಟ್ಟದೆ ಎದ್ದುಹೋದ.

ಸುವರ್ಣಾ ಕಂಪ್ಯೂಟರಿನ ಕಡೆ ತಿರುಗಿ ಕುಳಿತಳು. “ಗಿರಾಕಿ ಹೋದ್ರ ಇನ್ನೊಬ್ರು ಬರ್ತಾರಕ್ಕಾ. ಅಣ್ಣ ಎಲ್ಲಿಂದ ಬರ್ತಾನ?”

ಹೋಗಿ ಸಮಾಧಾನ ಮಾಡಿ ಬಾ ಎಂದೆ.

“ಹೋಗೂದಿಲ್ಲ. ನಾ ಹೇಳಿದ್ದು ತಪ್ಪಲ್ಲ.” ಕಣ್ಣೀರು ಒರೆಸಿಕೊಳ್ಳುತ್ತಲೇ ಹೇಳಿದಳು. ಹೇಳಿ, ಮತ್ತೆ ದುರ್ಗಪ್ಪನದೇ ಚೀಟಿಗಳನ್ನು ಬಿಡಿಸಿ ಬರೆಯತೊಡಗಿದಳು. ನಾನಾಗಿದ್ದರೆ ಅವನ್ನೆಲ್ಲ ಅವನ ಗ್ಯಾರೇಜಿಗೇ ಎಸೆದು ಬರುತ್ತಿದ್ದೆ. ಅವಳನ್ನು ನೋಡಿ ನನಗೆ ನಿಜವಾಗಿ ಹೆಮ್ಮೆ ಎನಿಸಿತು.

ತಿಂಗಳ ಕೊನೆಯಲ್ಲಿ ದುರ್ಗಪ್ಪ ಬಂದ. ಕುಳಿತುಕೊಳ್ಳಲಿಲ್ಲ.

“ಬಿಲ್ ಮಾಡ್ರಿ, ಮೇಡಂ.”

ಎಂದೂ ಇಲ್ಲದ ಆ ‘ರಿ’ ಕೇಳಿ ಸುವರ್ಣಾಳ ಮುಖ ಬಿಳುಚಿಕೊಂಡಿತು. ಆದರೂ ಟೈಪ್ ಮಾಡಿದಳು, ನಾನು ಪ್ರಿಂಟ್ ತೆಗೆದೆ. ಅವಳು ಸಹಿ ಹಾಕಿ ಅವನ ಮುಂದಿಟ್ಟಳು. ಅವನು ಚಷ್ಮಾ ಹಾಕಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಓದಿ ಮೇಜಿನ ಮೇಲೆ ಕುಕ್ಕಿದ.

“ಇಷ್ಟ ಏನ? ನಾ ಉಡಸೂ ಸೀರೀನ ಇದಕ್ಕಿಂತ ತುಟ್ಟಿ ಇರ್ತೇತಿ. ನನ್ನ ತಂಗಿ ಕಲತಾಕಿ ಅಂತ ಊರ ತುಂಬ ಹೇಳ್ಕೊಂತ ತಿರಗೇನಿ ನಾ. ಇದನ್ನ ಹರದ ಒಗಿ, ಸರಿಯಾಗಿ ಬರಿ.”